ಕನೆಕ್ಟರ್ ಪೇಟೆಂಟ್‌ಗೆ ಆಕ್ಷೇಪಣೆ ಬಂದಿದೆ: ಉತ್ತರ ಬರೆದವರ ಅನುಭವ ಬೇಕು

ಪೀಣ್ಯದಲ್ಲಿ ನಮ್ಮದು ಹನ್ನೊಂದು ಜನರ ಕಾರ್ಖಾನೆ. ವಿದ್ಯುತ್ ಸ್ಕೂಟರ್ ಬ್ಯಾಟರಿಗಳಿಗೆ ಕನೆಕ್ಟರ್ ಮಾಡುತ್ತೇವೆ. ಪ್ಲಗ್ ಅರ್ಧ ಮಾತ್ರ ಕೂತು, ಗುಂಡಿಬಿದ್ದ ರಸ್ತೆಯಲ್ಲಿ ಅದುರಿ, ಟರ್ಮಿನಲ್ ಕಾದು ಪ್ಲಾಸ್ಟಿಕ್ ಕರಗಿದ್ದನ್ನು ಕಣ್ಣಾರೆ ಕಂಡ ಮೇಲೆ ನೀರು ತಡೆಯುವ ರಬ್ಬರ್ ಸೀಲನ್ನೇ ಸ್ಪ್ರಿಂಗ್ ಆಗಿ ಬಳಸಿದೆವು. ಕೊಂಡಿ ಬೀಳುವವರೆಗೆ ಒತ್ತದಿದ್ದರೆ ಸೀಲ್ ಪ್ಲಗ್ಗನ್ನು ಹೊರಗೆ ತಳ್ಳುತ್ತದೆ. ಅರ್ಧ ಕೂರುವುದಕ್ಕೆ ಅವಕಾಶವೇ ಇಲ್ಲ. ಈಗ ಚೆನ್ನೈನ ಪೇಟೆಂಟ್ ಕಚೇರಿಯಿಂದ ಮೊದಲ ಪರೀಕ್ಷಾ ವರದಿ ಬಂದಿದೆ. ಡಿ1 ಎಂದು ಅವರು ಹೆಸರಿಸಿದ ಜಪಾನಿನ ಹಳೆಯ ಪೇಟೆಂಟ್ ದಾಖಲೆಯಲ್ಲಿ ಲೋಹದ ಸ್ಪ್ರಿಂಗ್ ಪ್ಲಗ್ಗನ್ನು ಹೊರಗೆ ತಳ್ಳುತ್ತದೆ, ಡಿ2 ಎಂಬ ಇನ್ನೊಂದು ದಾಖಲೆಯಲ್ಲಿ ರಬ್ಬರ್ ಸೀಲ್ ಇದೆ, ಎರಡನ್ನೂ ಕೂಡಿಸುವುದು ಈ ಕೆಲಸ ಬಲ್ಲವನಿಗೆ ಹೊಳೆಯುವ ಸಂಗತಿಯೇ ಎಂದಿದ್ದಾರೆ. ಜೊತೆಗೆ ಬರಿಯ ಜೋಡಣೆಗೆ ಪೇಟೆಂಟ್ ಇಲ್ಲ ಎನ್ನುವ, ಪೇಟೆಂಟ್ ಕಾಯ್ದೆಯ 3ನೇ ಕಲಮಿನ ‘ಎಫ್’ ಉಪಕಲಂ ಕೂಡ ಹಾಕಿದ್ದಾರೆ. ಉತ್ತರಕ್ಕೆ ಇರುವ ಆರು ತಿಂಗಳಲ್ಲಿ ಎರಡು ಕಳೆದವು. ಮೊದಲ ಕ್ಲೇಮನ್ನು, ಅಂದರೆ ಯಾವುದರ ಮೇಲೆ ಹಕ್ಕು ಕೇಳುತ್ತೇವೆ ಎಂದು ಹೇಳುವ ವಾಕ್ಯವನ್ನು, ಕಿರಿದು ಮಾಡಿ ಒಪ್ಪಿಕೊಂಡುಬಿಡುವುದೇ? ಇಂಥದ್ದನ್ನು ದಾಟಿದವರು ದಯವಿಟ್ಟು ತಿಳಿಸಿ.

ಬೊಮ್ಮಸಂದ್ರದಿಂದ, ವಾಹನಗಳ ವೈರಿಂಗ್ ವಿನ್ಯಾಸಕ

ನನ್ನ ಎರಡು ಅರ್ಜಿಗಳಿಗೆ ಇಂಥದೇ ವರದಿ ಬಂದಿತ್ತು. ಮೊದಲನೆಯದನ್ನು ಕಳೆದುಕೊಂಡೆ, ಎರಡನೆಯದು ಸಿಕ್ಕಿತು. ಮೊದಲ ಸಲ ನಾನು ಡಿ1, ಡಿ2ರ ಸಾರಾಂಶ ಮತ್ತು ಮೊದಲ ಚಿತ್ರವನ್ನಷ್ಟೇ ನೋಡಿ, “ನಮ್ಮದು ಬೇರೆ” ಎಂದು ನಾಲ್ಕು ಪುಟ ಬರೆದಿದ್ದೆ. ಎರಡನೆಯ ಸಲ ಆ ದಾಖಲೆಗಳನ್ನು ಪ್ಯಾರಾ ಪ್ಯಾರಾ ಓದಿದೆ. ಫಲ ಬೇರೆಯಾದದ್ದು ಅದರಿಂದಲೇ.

ನೀವು ಇಂದೇ ಮಾಡಬೇಕಾದ ಕೆಲಸ ಇದು. ಯುರೋಪಿನ ಪೇಟೆಂಟ್ ಕಚೇರಿಯ ಜಾಲತಾಣವಾದ ಎಸ್ಪಾಸ್‌ನೆಟ್‌ನಲ್ಲಿ ಡಿ1ರ ಯಂತ್ರಾನುವಾದ ತೆಗೆದುಕೊಳ್ಳಿ. ಯಂತ್ರಾನುವಾದ ತೊದಲುತ್ತದೆ, ಆದರೆ ಚಿತ್ರದ ಅಂಕಿಗಳನ್ನು ಹಿಡಿದು ಹೋದರೆ ಅರ್ಥ ಸಿಗುತ್ತದೆ. ಆ ಸ್ಪ್ರಿಂಗ್ ಎಲ್ಲಿ ಕೂತಿದೆ, ಯಾತಕ್ಕೆ ಇಟ್ಟರು, ಅದನ್ನು ತೆಗೆದರೆ ಅವರ ಕನೆಕ್ಟರ್‌ಗೆ ಏನಾಗುತ್ತದೆ ಎಂದು ಬರೆದುಕೊಳ್ಳಿ. ಆಮೇಲೆ ಡಿ2. ಅಲ್ಲಿನ ಸೀಲ್ ಪಕ್ಕದಿಂದ ಅದುಮುತ್ತದೆಯೋ, ಮುಖದ ಮೇಲೆ ಅದುಮುತ್ತದೆಯೋ? ಜಲನಿರೋಧಕ ಕನೆಕ್ಟರ್‌ಗಳಲ್ಲಿ ಸಾಮಾನ್ಯವಾಗಿ ಉಂಗುರದಂಥ ಸೀಲ್ ಸುತ್ತಲಿನ ಗೋಡೆಗೆ ಒತ್ತಿಕೊಳ್ಳುತ್ತದೆ, ಪ್ಲಗ್ಗನ್ನು ಹಿಂದಕ್ಕೆ ತಳ್ಳುವ ಬಲ ಅದರಲ್ಲಿ ಅಷ್ಟಾಗಿ ಇರುವುದಿಲ್ಲ. ಡಿ2 ಅಂಥದ್ದಾದರೆ ಅದರ ಸೀಲನ್ನು ಡಿ1ರ ಸ್ಪ್ರಿಂಗ್ ಇರುವಲ್ಲಿ ಇಟ್ಟರೆ ಏನೂ ತಳ್ಳುವುದಿಲ್ಲ. ಜೋಡಿಸುವವರ ಬೆರಳಿಗೆ ಭಾರವಾಗಬಾರದೆಂದು ಒತ್ತುಬಲ ಕಡಿಮೆ ಇಡಬೇಕು ಎನ್ನುವ ಒಂದು ಸಾಲು ಡಿ2ರಲ್ಲಿ ಸಿಕ್ಕರಂತೂ ಅದು ನಿಮ್ಮ ದಾರಿಗೆ ಬೆನ್ನು ಮಾಡಿ ನಿಂತ ದಾಖಲೆ, ಅಂದರೆ ಅದನ್ನು ಓದಿದವನು ನಿಮ್ಮ ಉಪಾಯದತ್ತ ಬರುವುದೇ ಇಲ್ಲ ಎಂದು ನೀವು ವಾದಿಸಬಹುದು. ಆ ಪ್ಯಾರಾ ಸಂಖ್ಯೆಯನ್ನು ಉತ್ತರದಲ್ಲಿ ಹಾಕಿ.

ಪೇಟೆಂಟುಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಕನೆಕ್ಟರುಗಳಿರುವ ಎಚ್01ಆರ್ ವರ್ಗದ 13ನೇ ಗುಂಪನ್ನೂ ನೀವೇ ಒಮ್ಮೆ ಹುಡುಕಿ. ಅದರಲ್ಲಿ 13/52 ನೀರು ಮತ್ತು ಧೂಳು ತಡೆಯುವುದಕ್ಕೆ, 13/639 ಕೂಡಿಸಿದ ಮೇಲೆ ಬಿಡದಂತೆ ಹಿಡಿಯುವುದಕ್ಕೆ. ಬಿಡಿಸಬಹುದಾದ ಪ್ಲಗ್ಗಿಗೆ ಅಮೆರಿಕದ ಹಾರ್ವೆ ಹಬೆಲ್ 1904ರಲ್ಲೇ ಪೇಟೆಂಟ್ ಪಡೆದಿದ್ದರು. ಅಲ್ಲಿಂದೀಚೆಗೆ ಈ ಓಣಿ ಕಿಕ್ಕಿರಿದಿದೆ. ಹಾಗೆಂದು ಬಾಗಿಲು ಮುಚ್ಚಿಲ್ಲ: ಜಪಾನಿನ ಅಡುಗೆ ಉಪಕರಣಗಳಲ್ಲಿ ಅಯಸ್ಕಾಂತದ ಪ್ಲಗ್ ಮೊದಲೇ ಇದ್ದರೂ ಆಪಲ್‌ನ ಅಯಸ್ಕಾಂತ ಕನೆಕ್ಟರ್‌ಗೆ 2007ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು.

ಜಯನಗರದಿಂದ, ಪೇಟೆಂಟ್ ಬರವಣಿಗೆಯಲ್ಲಿ ಬಹುಕಾಲ ದುಡಿದವರು

ಮೇಲಿನವರ ಮಾತಿಗೆ ನನ್ನ ಪೂರ್ಣ ಸಮ್ಮತಿ. ಕಿರಿದು ಮಾಡುವ ಪ್ರಶ್ನೆಗೆ ಮಾತ್ರ ನನ್ನದೊಂದು ಎಚ್ಚರಿಕೆಯಿದೆ. 59ನೇ ಕಲಂ ಪ್ರಕಾರ ತಿದ್ದಿದ ಕ್ಲೇಮ್ ತಿದ್ದುವ ಮೊದಲಿನ ಕ್ಲೇಮಿನ ವ್ಯಾಪ್ತಿಯೊಳಗೇ ಇರಬೇಕು. ಒಮ್ಮೆ ಕಿರಿದು ಮಾಡಿದ್ದನ್ನು ಮತ್ತೆ ಹಿಗ್ಗಿಸಲಾಗುವುದಿಲ್ಲ. ಮೂಲ ವಿವರಣೆಯಲ್ಲಿ ಇಲ್ಲದ ಸಂಗತಿಯನ್ನು ಈಗ ಸೇರಿಸುವಂತೆಯೂ ಇಲ್ಲ. ಆದ್ದರಿಂದ ಭಯದಲ್ಲಿ ಬಿಟ್ಟುಕೊಡಬೇಡಿ. “ಸೀಲ್ ಅಕ್ಷದ ದಿಕ್ಕಿನಲ್ಲಿ ಅದುಮಲ್ಪಟ್ಟು ಪ್ಲಗ್ಗನ್ನು ಹಿಂದಕ್ಕೆ ತಳ್ಳುತ್ತದೆ” ಎಂಬ ಅರ್ಥದ ವಾಕ್ಯ ನಿಮ್ಮ ಮೂಲ ವಿವರಣೆಯಲ್ಲಿ ಇದೆಯೇ? ಇದ್ದರೆ ಅಷ್ಟನ್ನು ಮಾತ್ರ ಕ್ಲೇಮಿಗೆ ತನ್ನಿ. ರಬ್ಬರಿನ ಗಡಸುತನ, ಕೊಂಡಿಯ ಹಲ್ಲಿನ ಕೋನ ಇವು ಮೊದಲ ಕ್ಲೇಮಿಗೆ ವಿವರ ಸೇರಿಸುವ ಅವಲಂಬಿತ ಕ್ಲೇಮುಗಳಲ್ಲಿ ಇರಲಿ.

‘ಎಫ್’ ಉಪಕಲಂ ಹೇಳುವುದು, ಗೊತ್ತಿರುವ ಸಾಧನಗಳು ಒಂದನ್ನೊಂದು ಅವಲಂಬಿಸದೆ ತಮ್ಮ ತಮ್ಮ ಹಳೆಯ ಕೆಲಸವನ್ನೇ ಮಾಡುವ ಬರಿಯ ಜೋಡಣೆಯ ಬಗ್ಗೆ. ನಿಮ್ಮಲ್ಲಿ ಸೀಲಿನ ಬಲವಿಲ್ಲದೆ ಕೊಂಡಿ ಕೆಲಸ ಮಾಡದು, ಕೊಂಡಿ ಬೀಳದೆ ಸೀಲ್ ಅದುಮಿಕೊಂಡು ನಿಲ್ಲದು. ಪರಸ್ಪರ ಅವಲಂಬನೆ ಇಲ್ಲೇ ಇದೆ, ಅದನ್ನು ಎರಡು ಸಾಲಿನಲ್ಲಿ ನೇರವಾಗಿ ಬರೆಯಿರಿ. ಪಾತ್ರೆ ಕಡೆಯುವ ಲೇತಿನ ಹಿಡಿಕೆಯೊಂದರ ಪೇಟೆಂಟನ್ನು ಸುಪ್ರೀಂ ಕೋರ್ಟ್ 1978ರಲ್ಲಿ ತಳ್ಳಿಹಾಕಿದ್ದು, ಅದು ಕಾರ್ಯಾಗಾರದ ಸಾಮಾನ್ಯ ಸುಧಾರಣೆಯನ್ನು ಮೀರಿಲ್ಲ ಎಂದು. ಬಿಶ್ವನಾಥ ಪ್ರಸಾದ್ ಪ್ರಕರಣ ಎಂದೇ ಅದು ಪ್ರಸಿದ್ಧ. ನಿಮ್ಮ ಉತ್ತರ ಆ ಪ್ರಶ್ನೆಯನ್ನು ಎದುರಿಸಬೇಕು.

ಉತ್ತರಕ್ಕೆ ಒಪ್ಪದೆ ವಿಚಾರಣೆಗೆ ಕರೆದರೆ ಗಾಬರಿಯಾಗಬೇಡಿ. ಅದು ವಿಡಿಯೊ ಮೂಲಕವೇ ನಡೆಯುತ್ತದೆ. ವಿಚಾರಣೆಯಾದ 15 ದಿನಗಳೊಳಗೆ ಲಿಖಿತ ಹೇಳಿಕೆ ಕೊಡಬೇಕು, ಅದನ್ನು ಮೊದಲೇ ಸಿದ್ಧಮಾಡಿಟ್ಟುಕೊಳ್ಳಿ.

ರಾಜಾಜಿನಗರದಿಂದ, ಅಚ್ಚು ತಯಾರಕ

ಅರ್ಜಿ ಹಾಕುವ ಮೊದಲು ಈ ಕನೆಕ್ಟರನ್ನು ಯಾರಿಗಾದರೂ ಮಾರಿದ್ದಿರಾ, ಮೇಳದಲ್ಲಿ ಇಟ್ಟಿದ್ದಿರಾ? ನಾನು ಒಂದು ವ್ಯಾಪಾರ ಮೇಳದಲ್ಲಿ ನನ್ನ ಕ್ಲಿಪ್ಪನ್ನು ಹೆಮ್ಮೆಯಿಂದ ಮೇಜಿನ ಮೇಲಿಟ್ಟು ಕರಪತ್ರ ಹಂಚಿದೆ, ಅರ್ಜಿ ಹಾಕಿದ್ದು ಅದಾದ ಮೂರು ತಿಂಗಳಿಗೆ. ಪ್ರತಿಸ್ಪರ್ಧಿಯೊಬ್ಬರು ಅದೇ ಕರಪತ್ರವನ್ನು ಲಗತ್ತಿಸಿ ವಿರೋಧ ಸಲ್ಲಿಸಿದರು. ಹನ್ನೆರಡು ತಿಂಗಳ ವಿನಾಯಿತಿ ಕೇಂದ್ರ ಸರ್ಕಾರ ಅಧಿಸೂಚಿಸಿದ ಪ್ರದರ್ಶನಗಳಿಗೆ ಮಾತ್ರ ಎಂದು ನನಗೆ ಆಗ ತಿಳಿಯಿತು. ಐದು ವರ್ಷದ ಕೆಲಸ ಒಂದು ಹಾಳೆಯಿಂದ ಹೋಯಿತು, ಇಂದಿಗೂ ನೋವಿದೆ. ನಿಮ್ಮಲ್ಲಿ ಹಾಗೇನಾದರೂ ಇದ್ದರೆ ನಿಮ್ಮ ಪೇಟೆಂಟ್ ಏಜೆಂಟರಿಂದ ಮುಚ್ಚಿಡಬೇಡಿ.

ಇನ್ನೊಂದು ವಿಷಯ. ಬಿಸಿಯಲ್ಲಿ ಬಹುಕಾಲ ಅದುಮಿಕೊಂಡ ರಬ್ಬರ್ ಚಪ್ಪಟೆಯಾಗಿ ಬಲ ಕಳೆದುಕೊಳ್ಳುತ್ತದೆ. ಲೋಹದ ಸ್ಪ್ರಿಂಗ್ ಬಿಟ್ಟು ರಬ್ಬರ್ ನೆಚ್ಚಿದ್ದು ಸುಲಭದ ನಿರ್ಧಾರ ಅಲ್ಲ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಂಗತಿ ಬೇಕೇ? ಕಾಯಿಸುವ ಮೊದಲು ಮತ್ತು ಆಮೇಲೆ ತಳ್ಳುಬಲವನ್ನು ಅಳೆದು, ಅಂಕಿಗಳನ್ನು ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಕೊಡಿ.

ಮಲ್ಲೇಶ್ವರದಿಂದ

ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರವಿದೆ, ಒಮ್ಮೆ ಹೋಗಿ ಬನ್ನಿ. ಅವಧಿ ಸಾಲದಿದ್ದರೆ ನಮೂನೆ 4ರಲ್ಲಿ ಮೂರು ತಿಂಗಳು ಹೆಚ್ಚು ಕೇಳಬಹುದು, ಆದರೆ ಆರು ತಿಂಗಳು ಮುಗಿಯುವ ಮೊದಲೇ ಕೇಳಬೇಕು.

ಪ್ರಶ್ನೆ ಕೇಳಿದವರು, ನಾಲ್ಕು ದಿನಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಅರ್ಜಿಗೆ ಮೊದಲು ಒಂದು ತುಂಡೂ ಹೊರಗೆ ಹೋಗಿಲ್ಲ, ಸರಕುಪಟ್ಟಿಗಳನ್ನು ತೆಗೆದು ನೋಡಿದೆ. ಡಿ2ರ ಸೀಲ್ ಪಕ್ಕದಿಂದಲೇ ಅದುಮುತ್ತದೆ. ಒತ್ತುಬಲ ಹೆಚ್ಚಬಾರದು ಎಂಬ ಮಾತು 31ನೇ ಪ್ಯಾರಾದಲ್ಲಿದೆ. ನಮ್ಮ ವಿವರಣೆಯ ಏಳನೇ ಪುಟದಲ್ಲಿ ಅಕ್ಷದ ದಿಕ್ಕಿನ ತಳ್ಳುವಿಕೆ ಸ್ಪಷ್ಟವಾಗಿ ಬರೆದಿದೆ. ಇಂದು ಬೆಳಿಗ್ಗೆ ಇಪ್ಪತ್ತು ತುಂಡುಗಳನ್ನು ಒಲೆಗೆ ಇಟ್ಟಿದ್ದೇವೆ.