ಮಾವನ ಮೆಲನೋಮಕ್ಕೆ ಟಿ ಕೋಶದ ಚಿಕಿತ್ಸೆ ಆಗುತ್ತದಾ?

ಪೆರ್ಲದವಳು:
ಅಡಿಕೆ ತೋಟದಲ್ಲಿ ಬರಿಗಾಲಲ್ಲೇ ಓಡಾಡುವವರು ನಮ್ಮ ಮಾವ. ಹಿಮ್ಮಡಿಯಲ್ಲಿ ಹುಣಸೆ ಬೀಜದಷ್ಟು ಕಪ್ಪು ಕಲೆ. ಒಂದು ಬದಿ ದಟ್ಟ ಕಪ್ಪು, ಇನ್ನೊಂದು ಬದಿ ಕಂದು. ಮುಳ್ಳು ಚುಚ್ಚಿದ್ದಿರಬೇಕು ಅಂತ ಸುಮ್ನೆ ಬಿಟ್ಟಿದ್ದರು. ಮಂಗಳೂರಿನಲ್ಲಿ ಬಯಾಪ್ಸಿ ಮಾಡಿಸಿದಾಗ ಮೆಲನೋಮ, ಅಂದರೆ ಚರ್ಮದ ಬಣ್ಣದ ಕೋಶಗಳ ಕ್ಯಾನ್ಸರ್, ಎಂದರು. ತೊಡೆಸಂದಿನ ಗಂಟಿಗೂ ಹರಡಿದೆ. ಮುಂಬೈಯಲ್ಲಿ ರೋಗಿಯದ್ದೇ ಟಿ ಕೋಶ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ತೆಗೆದು, ಬದಲಾಯಿಸಿ ಹಾಕುತ್ತಾರಂತಲ್ಲ, ಕಾರ್-ಟಿ? ತೋಟ ಅಡವಿಟ್ಟಾದರೂ ಕರೆದುಕೊಂಡು ಹೋಗುವ ಎನ್ನುತ್ತಾನೆ ಬಾವ. ಗೊತ್ತಿದ್ದವರು ಹೇಳಿ.

ಕುಂಬಳೆಯವ:
ಅಕ್ಕಾ, ತೋಟದ ಮಾತು ಈಗ ಬೇಡ. ನಾನು ಡಾಕ್ಟರಲ್ಲ, ಬೆಂಗಳೂರಿನ ಲ್ಯಾಬಿನಲ್ಲಿ ಟಿ ಕೋಶಗಳ ಕೆಲಸ ಮಾಡುವವನು. ನೀವು ಕೇಳಿದ್ದು ಐಐಟಿ ಬಾಂಬೆ, ಟಾಟಾ ಮೆಮೋರಿಯಲ್‌ನವರು ಸೇರಿ ಮಾಡಿದ ನೆಕ್ಸ್‌ಕಾರ್19 ಇರಬೇಕು. 2023ರಲ್ಲಿ ಅನುಮತಿ ಸಿಕ್ಕಿತು. ಅದು ಹುಡುಕುವುದು ಬಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ಹೊರಮೈಯಲ್ಲಿರುವ ಸಿಡಿ19 ಎಂಬ ಪ್ರೋಟೀನನ್ನು. ಮೆಲನೋಮದಲ್ಲಿ ಅದು ಇರುವುದಿಲ್ಲ, ಹಾಗಾಗಿ ಮಾವನಿಗೆ ಅದು ಆಗುವುದಿಲ್ಲ.

ಮೆಲನೋಮದ ಮಾರ್ಟ್-1 ಪ್ರೋಟೀನ್ ಕೋಶದ ಒಳಗಿನದು. ಅದರ ಚೂರನ್ನು ಮಾತ್ರ ಎಚ್‌ಎಲ್‌ಎ ಎಂಬ ಕೋಶದ ಹೊರಮೈಯ ಪ್ರೋಟೀನ್ ಹೊರಗೆ ತೋರಿಸುತ್ತದೆ. ಆ ಚೂರನ್ನು ಗುರುತಿಸಿ ಹಿಡಿಯುವ ರಿಸೆಪ್ಟರ್ ಎಂಬ ಪ್ರೋಟೀನಿನ ಜೀನನ್ನು ರೋಗಿಗಳ ಟಿ ಕೋಶಕ್ಕೆ ಸೇರಿಸಿದ್ದು ಅಮೆರಿಕದ ಸ್ಟೀವನ್ ರೋಸೆನ್‌ಬರ್ಗ್ ತಂಡ. 2006ರಲ್ಲಿ ಇಬ್ಬರ ಗಡ್ಡೆ ಕುಗ್ಗಿತು. 2009ರಲ್ಲಿ ಇನ್ನೂ ಬಲವಾದ ರಿಸೆಪ್ಟರ್ ಹಾಕಿದರು. ಗುಣ ಕಂಡವರು ಜಾಸ್ತಿಯಾದರು. ಆದರೆ ಮಾರ್ಟ್-1 ಆರೋಗ್ಯವಂತ ಬಣ್ಣದ ಕೋಶಗಳಲ್ಲೂ ಇದೆ, ಅಲ್ವಾ? ಕೆಲವರ ಚರ್ಮ ಬಿಳಿಚಿತು, ಕಣ್ಣು ಉರಿಯೂತಕ್ಕೆ ಸಿಕ್ಕಿತು, ಕಿವಿ ಮಂದವಾಯಿತು. ಒಳಗಿವಿಯಲ್ಲೂ ಆ ಕೋಶಗಳಿವೆ. ಈ ಕೆಲಸದಲ್ಲಿ ನನ್ನನ್ನು ಅತಿ ಕಾಡುವ ವಿಷಯ ಇದೇ.

2024ರಲ್ಲಿ ಅಮೆರಿಕದಲ್ಲಿ ಮೆಲನೋಮಕ್ಕೆ ಅನುಮತಿ ಸಿಕ್ಕಿದ ಲೈಫಿಲ್ಯೂಸೆಲ್‌ನಲ್ಲಿ ಜೀನ್ ಬದಲಾಯಿಸುವುದಿಲ್ಲ. ಗಡ್ಡೆಯೊಳಗೆ ನುಗ್ಗಿದ ಟಿ ಕೋಶಗಳನ್ನೇ ಹೊರಗೆ ಬೆಳೆಸಿ ವಾಪಸ್ ಕೊಡುತ್ತಾರೆ. ಹತ್ತರಲ್ಲಿ ಸುಮಾರು ಮೂವರಿಗೆ ಗಡ್ಡೆ ಕುಗ್ಗಿತು. ಅದೂ ಬೇರೆ ಮದ್ದು ಸೋತ ಮೇಲಿನ ದಾರಿ.

ಮುಳ್ಳೇರಿಯದ ನರ್ಸ್:
ಕ್ಯಾನ್ಸರ್ ವಾರ್ಡಿನಲ್ಲಿದ್ದೇನೆ. ರೋಗ ತೊಡೆಸಂದಿನಲ್ಲೇ ನಿಂತಿದ್ದರೆ ಆಪರೇಷನ್ ಮಾಡುವುದುಂಟು, ಹಾಗಾಗಿ ರೋಗ ಎಲ್ಲೆಲ್ಲಿ ಹರಡಿದೆ ಎಂದು ತೋರಿಸುವ ಪೆಟ್ ಸ್ಕ್ಯಾನ್ ಬಗ್ಗೆ ಕೇಳಿ. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಬಗ್ಗೆಯೂ ಕೇಳಿ. ರೋಗಿಯ ಟಿ ಕೋಶಗಳಿಗೆ ಬಿದ್ದ ತಡೆ ತೆಗೆಯುವ ಮದ್ದುಗಳು ಅವು. ಅಂಗಾಲಿನ ಮೆಲನೋಮದಲ್ಲಿ ಫಲ ಸ್ವಲ್ಪ ಕಡಿಮೆ, ಮುಚ್ಚಿಡುವುದಿಲ್ಲ. ಬಯಾಪ್ಸಿಯ ಬ್ಲಾಕ್, ಅಂದರೆ ಮೇಣದಲ್ಲಿ ಕೂರಿಸಿಟ್ಟ ಗಡ್ಡೆಯ ಚೂರು, ಕೇಳಿ ತೆಗೆದುಕೊಳ್ಳಿ. ಯಾವ ಮದ್ದು ಹೊಂದೀತು ಎಂದು ತಿಳಿಯಲು ಮಾಡುವ ಬ್ರಾಫ್, ಕಿಟ್ ಜೀನ್ ಪರೀಕ್ಷೆ ಅದರಲ್ಲೇ ಆಗುತ್ತದೆ.

ಪೆರ್ಲದವಳು:
ಬ್ಲಾಕ್ ಕೊಡುತ್ತಾರೆ ಅಂತಲೇ ಗೊತ್ತಿರಲಿಲ್ಲ. ನಾಳೆ ಲ್ಯಾಬಿಗೆ ಫೋನ್ ಮಾಡುತ್ತೇನೆ. ಬಾವನಿಗೆ ಇದನ್ನೆಲ್ಲ ಈಗಲೇ ಓದಿ ಹೇಳುತ್ತೇನೆ.