ಪಾಯದ ಗುಂಡಿ, ಪಂಪಿನ ನೀರು: ನಮ್ಮ ಎಂಜಿನಿಯರ್ ಸರ್‌ಗೆ ಕೇಳಿ (ಮುಂಬೈ ಕನ್ನಡಿಗರ ಮನೆ-ಸೊಸೈಟಿ ಗುಂಪು)

ಅಡ್ಮಿನ್: ನೀರಿನ ಮಟ್ಟಕ್ಕಿಂತ ಕೆಳಗೆ ಪಾಯ ತೋಡುವ ಬಗ್ಗೆ ಮಾತ್ರ ಕೇಳಿ. ಸರ್ ಸೈಟಿನಿಂದ ಬಂದು ಉತ್ತರ ಕೊಡುತ್ತಾರೆ.

ಮುಲುಂಡ್ ಸದಸ್ಯ: ಸರ್, ಪೈಲ್ (ಪಾಯಕ್ಕೆ ನೆಲದೊಳಗೆ ಕಟ್ಟುವ ಕಾಂಕ್ರೀಟ್ ಕಂಬ) ಬೋರಿನಲ್ಲಿ ಕೆಸರು ನೀರು ತುಂಬಿದೆ. ಅದರಲ್ಲೇ ಕಾಂಕ್ರೀಟ್ ಹಾಕುತ್ತಾರಂತೆ. ಮೋಸ ಅಲ್ವಾ?

ಎಂಜಿನಿಯರ್: ಮೋಸ ಅಲ್ಲ. ಅದು ಬೆಂಟೊನೈಟ್ ಎಂಬ ಜೇಡಿಮಣ್ಣು ಕಲಸಿದ ನೀರು, ಬೋರಿನ ಗೋಡೆ ಕುಸಿಯದಂತೆ ಹಿಡಿದಿರುತ್ತದೆ. ಟ್ರೆಮಿ ಪೈಪನ್ನು ತಳದವರೆಗೆ ಇಳಿಸಿ ಕಾಂಕ್ರೀಟ್ ಬಿಡುತ್ತಾರೆ. ಅದು ಕೆಳಗಿನಿಂದ ಏರುತ್ತಾ ಕೆಸರನ್ನು ಮೇಲಕ್ಕೆ ತಳ್ಳುತ್ತದೆ. ಪೈಪಿನ ತುದಿ ಯಾವಾಗಲೂ ಕಾಂಕ್ರೀಟಿನೊಳಗೇ ಇರಬೇಕು. ಅವಸರದಲ್ಲಿ ಹೊರಗೆ ಎಳೆದರೆ ಪೈಲ್ ಮಧ್ಯೆ ಮಣ್ಣು ಸೇರುತ್ತದೆ. ಇಂಥ ಕಾಂಕ್ರೀಟಿಗೆ ಪೈಲ್‌ಗಳ ಭಾರತೀಯ ಮಾನಕ ಐಎಸ್ 2911 ಪ್ರಕಾರ ಸಾಮಾನ್ಯವಾಗಿ ಘನ ಮೀಟರಿಗೆ ಕನಿಷ್ಠ 400 ಕೆಜಿ ಸಿಮೆಂಟ್ ಬೇಕು.

ಸಾಂತಾಕ್ರೂಜ್ ಸದಸ್ಯೆ: ಸರ್, ಪಕ್ಕದ ಪ್ಲಾಟಿನಲ್ಲಿ ಎರಡು ಬೇಸ್‌ಮೆಂಟ್ ತೋಡುತ್ತಿದ್ದಾರೆ. ಹಗಲು ರಾತ್ರಿ ಪಂಪ್. ನಮ್ಮ ಅಡುಗೆಮನೆ ಗೋಡೆಯಲ್ಲಿ ಬಿರುಕು ಬಂದಿದೆ. ಅತ್ತೆಯ ಕೋಣೆ ಬಾಗಿಲು ಮೊನ್ನೆಯಿಂದ ಮುಚ್ಚುತ್ತಿಲ್ಲ.

ದಹಿಸರ್ ಸದಸ್ಯ: ಫಾರ್ವರ್ಡ್ ಬಂದಿದೆ: "ಗುಂಡಿಗೆ ಒಣ ಸಿಮೆಂಟ್, ಸುಣ್ಣ ಸುರಿದರೆ ಒಂದೇ ರಾತ್ರಿಯಲ್ಲಿ ಒರತೆ ನಿಲ್ಲುತ್ತದೆ. ಎಲ್ಲರಿಗೂ ಕಳಿಸಿ."

ಎಂಜಿನಿಯರ್: ದಹಿಸರ್, ಅದನ್ನು ಡಿಲೀಟ್ ಮಾಡಿ. ಒತ್ತಡದಲ್ಲಿ ಬರುವ ನೀರು ಸಿಮೆಂಟ್ ಗಟ್ಟಿಯಾಗುವ ಮೊದಲೇ ತೊಳೆದುಕೊಂಡು ಹೋಗುತ್ತದೆ. ಸುಟ್ಟ ಸುಣ್ಣ ನೀರಿಗೆ ಬಿದ್ದರೆ ಕುದಿಯುತ್ತದೆ. ಕೆಳಗಿರುವ ಕೂಲಿಯವರ ಕಣ್ಣು ಹೋದರೆ ಯಾರು ಹೊಣೆ?

ಸಾಂತಾಕ್ರೂಜ್ ಅಕ್ಕ, ನಿಮ್ಮದು ನನಗೆ ಚಿಂತೆ ಹಚ್ಚಿದೆ. ಪಂಪಿನ ನೀರು ತಿಳಿಯಾಗಿದೆಯಾ, ಕಲಕಾಗಿದೆಯಾ? ಒಂದು ಲೀಟರ್ ಬಾಟಲಿಯಲ್ಲಿ ಹಿಡಿದು, ರಾತ್ರಿಯಿಡೀ ಅಲುಗಿಸದೆ ಇಡಿ. ತಳದಲ್ಲಿ ಮರಳು ಕೂತರೆ, ಅದು ನಿಮ್ಮ ಕಟ್ಟಡದ ಕೆಳಗಿನ ಮಣ್ಣು ಆಗಿರಬಹುದು. ಮುಂಬೈಯಲ್ಲಿ ಗುಂಡಿಯ ಸುತ್ತ ಸಾಮಾನ್ಯವಾಗಿ ಟಚ್ ಪೈಲ್ ಹಾಕುತ್ತಾರೆ. ಒಂದಕ್ಕೊಂದು ತಾಗಿ ನಿಂತ ಪೈಲ್‌ಗಳು, ನಡುವೆ ಸಂದಿ. ಜೇಡಿಮಣ್ಣಿಗೆ ಅದು ಸಾಲಬಹುದು. ಮರಳಿದ್ದರೆ ನೀರಿನ ಜೊತೆ ಮರಳೂ ಸಂದಿಯಿಂದ ಒಳಗೆ ಬರುತ್ತದೆ. ತಿಳಿ ನೀರು ಬಂದರೂ ಕೂಡ, ಮಣ್ಣಿನೊಳಗಿನ ನೀರಿನ ಒತ್ತಡ ಇಳಿದಂತೆ ಮಣ್ಣು ಒತ್ತಿಕೊಳ್ಳುತ್ತದೆ, ಹಳೆಯ ಪಾಯ ಕೂರುತ್ತದೆ.

ಬಿರುಕಿನ ಮೇಲೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ, ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಅಂತ ಅರ್ಥ. ಸ್ಟ್ರಕ್ಚರಲ್ ಎಂಜಿನಿಯರನ್ನು ಇವತ್ತೇ ಕರೆಸಿ.

ಗೋರೆಗಾಂವ್ ಸದಸ್ಯ: ಸುಮ್ನೆ ಹೆದರಿಸಬೇಡಿ ಸರ್. ಮೆಟ್ರೋ 3 ನಗರದ ಅಡಿಯಲ್ಲೇ ಹೋಯಿತಲ್ಲ?

ಎಂಜಿನಿಯರ್: ಅಲ್ಲಿನ ಹಲವು ಸ್ಟೇಷನ್‌ಗಳಿಗೆ ಸೀಕೆಂಟ್ ಪೈಲ್ ಗೋಡೆ ಹಾಕಿದ್ದಾರೆ. ಒಂದು ಪೈಲ್ ಇನ್ನೊಂದನ್ನು ಕೊರೆದು ಸೇರಿರುತ್ತದೆ, ಸಂದಿ ಇರುವುದಿಲ್ಲ. ಸುತ್ತಲಿನ ಕಟ್ಟಡಗಳಿಗೆ ಉಪಕರಣ ಹಾಕಿ ಅಳೆಯುತ್ತಿದ್ದರು. ಆ ಪ್ಲಾಟಿನವರು ಏನು ಅಳೆಯುತ್ತಿದ್ದಾರೆ ಅಂತ ಕೇಳಿ.

ಗೋರೆಗಾಂವ್ ಸದಸ್ಯ: ಕೆಲಸ ನಿಲ್ಲಿಸಿದರೆ ಆ ಸೊಸೈಟಿಯವರ ಬಾಡಿಗೆ ಯಾರು ಕೊಡುತ್ತಾರೆ? ನಮ್ಮ ಕಟ್ಟಡವನ್ನೂ ಹೊಸದಾಗಿ ಕಟ್ಟಲು ಕೆಡವಿದ್ದಾರೆ, ನಮಗೂ ಮೂರು ವರ್ಷದಿಂದ ಬಾಡಿಗೆ ಮನೆ. ನಮ್ಮ ಕಷ್ಟ ನಿಮಗೆ ಗೊತ್ತಿಲ್ಲ.

ಸಾಂತಾಕ್ರೂಜ್ ಸದಸ್ಯೆ: ನಿಮ್ಮ ಬಾಡಿಗೆಗಾಗಿ ನಮ್ಮ ಗೋಡೆ ಬೀಳಬೇಕಾ ಅಣ್ಣ?

ಗೋರೆಗಾಂವ್ ಸದಸ್ಯ: ಹಾಗೆ ಹೇಳಿದ್ದೆನಾ? ಕಟ್ಟಡ ಹಳೆಯದು, ಬಿರುಕು ಮೊದಲೇ ಇದ್ದಿರಬಹುದು.

ಚೆಂಬೂರ್ ಸದಸ್ಯೆ: ಬಾಗಿಲು ಮೊನ್ನೆಯಿಂದ ಅಂತ ಬರೆದಿದ್ದಾರೆ ಮಾರಾಯ್ರೆ. ಓದದೆ ಯಾಕೆ ಬರೆಯುತ್ತೀರಿ?

ಅಡ್ಮಿನ್: ಇಬ್ಬರೂ ಸಾಕು.

ಠಾಣೆ ಸದಸ್ಯ: ಬೇಸ್‌ಮೆಂಟ್ ಸ್ಲ್ಯಾಬ್ ಆಗಿದೆ. ಮಳೆಗಾಲಕ್ಕೆ ಮೊದಲು ಪಂಪ್ ನಿಲ್ಲಿಸಬಹುದಾ?

ಎಂಜಿನಿಯರ್: ಮೇಲಿನ ಮಹಡಿಗಳ ಭಾರ ಬರುವ ತನಕ ಬೇಡ. ಪ್ರತಿ ಮೀಟರ್ ನೀರು ಚದರ ಮೀಟರಿಗೆ ಒಂದು ಟನ್ ಮೇಲಕ್ಕೆ ಒತ್ತುತ್ತದೆ. ಖಾಲಿ ಬೇಸ್‌ಮೆಂಟ್ ದೋಣಿಯ ಹಾಗೆ ಎದ್ದುಬಿಡಬಹುದು. ನಿಲ್ಲಿಸುವ ದಿನವನ್ನು ನಿಮ್ಮ ಡಿಸೈನರ್ ಬರೆದು ಕೊಡಲಿ.

ಕಲ್ಯಾಣ್ ಸದಸ್ಯ: ಪೈಲ್ ಬೋರಿನ ನೀರು ತೆಗೆಯಬೇಕಾ ಸರ್?

ಎಂಜಿನಿಯರ್: ಮೇಲೆ ಬರೆದಿದ್ದೇನೆ.

ವಸಾಯಿ ಸದಸ್ಯ: ಪೈಲ್ ಒಂದು ಮೀಟರಿಗೆ ರೇಟ್ ಎಷ್ಟು?

ಮುಲುಂಡ್ ಸದಸ್ಯ: ಬೋರಿನ ನೀರು ತೆಗೆಯುವುದಿಲ್ಲ ಅಂದರೆ ಕಾಂಕ್ರೀಟ್ ಒಣಗುವುದು ಹೇಗೆ?

ಎಂಜಿನಿಯರ್: ಕಾಂಕ್ರೀಟ್ ಒಣಗಿ ಗಟ್ಟಿಯಾಗುವುದಲ್ಲ. ನೀರಿನ ಜೊತೆ ಸೇರಿ ಗಟ್ಟಿಯಾಗುತ್ತದೆ. ದಯವಿಟ್ಟು ಇದೇ ಪ್ರಶ್ನೆ ಮತ್ತೆ ಬೇಡ.

(ಮರುದಿನ ಬೆಳಗ್ಗೆ)

ಸಾಂತಾಕ್ರೂಜ್ ಸದಸ್ಯೆ: ಸರ್, ಬಾಟಲಿಯ ತಳದಲ್ಲಿ ಎರಡು ಬೆರಳು ದಪ್ಪ ಮರಳು. ಗಾಜೂ ಒಡೆದಿದೆ.

ದಹಿಸರ್ ಸದಸ್ಯ: ಅದಕ್ಕೆ ಪಟಿಕ ಹಾಕಿ ಅಂತ ಒಂದು ವಿಡಿಯೋ ಇದೆ.

ಎಂಜಿನಿಯರ್: ಪಟಿಕ ನೀರನ್ನು ತಿಳಿ ಮಾಡುತ್ತದೆ, ಮಣ್ಣನ್ನು ಹಿಡಿಯುವುದಿಲ್ಲ! ವಿಡಿಯೋ ಹಾಕಬೇಡಿ.

ಅಕ್ಕ, ಬಾಟಲಿ, ಗಾಜಿನ ಫೋಟೋ ಹಿಡಿದು ಈಗಲೇ ವಾರ್ಡ್ ಆಫೀಸಿಗೆ ಹೋಗಿ, ದೂರನ್ನು ಬರೆದು ಕೊಡಿ. ಸೈಟ್ ಎಂಜಿನಿಯರಿಗೆ ನನ್ನ ನಂಬರ್ ಕೊಡಿ. ಮರಳು ಬರುವ ಸಂದಿಗೆ ಮರಳಿನ ಚೀಲ ಒತ್ತಬೇಕು. ನೀರಿಗೆ ದಾರಿ ಇರಲಿ, ಮರಳು ನಿಲ್ಲಲಿ. ಆಗದಿದ್ದರೆ ಪಂಪ್ ನಿಲ್ಲಿಸಿ ಗುಂಡಿಯಲ್ಲಿ ನೀರು ಏರಲು ಬಿಡಬೇಕು. ಒಳಗೂ ಹೊರಗೂ ಒತ್ತಡ ಸಮವಾದರೆ ಮರಳಿನ ಓಟ ನಿಲ್ಲುತ್ತದೆ. ಆಮೇಲೆ ಪೈಲ್ ಹಿಂದೆ ಗ್ರೌಟ್, ಅಂದರೆ ಸಿಮೆಂಟ್ ಹಾಲನ್ನು ಒತ್ತಿ ತುಂಬುವುದು. ಕಟ್ಟಡವನ್ನು ಎಂಜಿನಿಯರ್ ನೋಡುವ ತನಕ ಅತ್ತೆಯವರು ಆ ಕೋಣೆಯಲ್ಲಿ ಮಲಗುವುದು ಬೇಡ.

ಸಾಂತಾಕ್ರೂಜ್ ಸದಸ್ಯೆ: ಅತ್ತೆಯನ್ನು ಮಾಟುಂಗದ ನಾದಿನಿ ಮನೆಗೆ ಕಳಿಸಿದೆ. ಹೊರಟೆ ಸರ್.

ಗೋರೆಗಾಂವ್ ಸದಸ್ಯ: ಅಕ್ಕ, ನನ್ನ ಬೈಕ್ ಇದೆ. ವಾರ್ಡ್ ಆಫೀಸಿಗೆ ನಾನೂ ಬರುತ್ತೇನೆ.

ವಸಾಯಿ ಸದಸ್ಯ: ರೇಟ್ ಯಾರಾದರೂ ಹೇಳಿ.