ಖಾಲಿ ಮಾತ್ರೆಯಿಂದಲೂ ನೋವು ಇಳಿಯುತ್ತದಾ?

ಪ್ರಶ್ನೆ: ಔಷಧಿಯೇ ಇಲ್ಲದ ಮಾತ್ರೆ ನುಂಗಿದರೂ ಕೆಲವರಿಗೆ ನೋವು ಕಡಿಮೆ ಆಗುತ್ತದಂತೆ. ಇದು ಸುಮ್ನೆ ಭ್ರಮೆಯಾ, ಇಲ್ಲ ಮೈಯೊಳಗೆ ಏನಾದರೂ ನಡೆಯುತ್ತದಾ?

ಉತ್ತರ 1: ಖಂಡಿತ ನಡೆಯುತ್ತದೆ. 1978ರಲ್ಲಿ ಲೆವಿನ್, ಗಾರ್ಡನ್, ಫೀಲ್ಡ್ಸ್ ಎಂಬ ಸಂಶೋಧಕರು ಹಲ್ಲು ಕೀಳಿಸಿಕೊಂಡವರ ಮೇಲೆ ಪ್ರಯೋಗ ಮಾಡಿದರು. ಪ್ಲಸೀಬೊದಿಂದ, ಅಂದರೆ ಔಷಧಿಯೇ ಇಲ್ಲದ ಖಾಲಿ ಮದ್ದಿನಿಂದ, ನೋವು ಇಳಿದಿದ್ದವರಿಗೆ ನಲಾಕ್ಸೋನ್ ಕೊಟ್ಟಾಗ ನೋವು ಮತ್ತೆ ಜಾಸ್ತಿ ಆಯಿತು. ನಲಾಕ್ಸೋನ್ ತಡೆಯುವುದು ಎಂಡಾರ್ಫಿನ್, ಅಂದರೆ ಮೈ ತಾನೇ ತಯಾರಿಸುವ ನೋವು ಇಳಿಸುವ ರಾಸಾಯನಿಕದ, ಕೆಲಸವನ್ನು. ಅಂದರೆ ನಂಬಿಕೆಗೆ ಮಿದುಳು ತನ್ನದೇ ನೋವುನಿವಾರಕ ಬಿಟ್ಟಿತ್ತು, ಅಲ್ವಾ?

ಉತ್ತರ 2: ಉಲ್ಟಾ ಕೂಡ ಆಗುತ್ತದೆ. ಅಡ್ಡಪರಿಣಾಮ ಅಂತ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಬಿಟ್ಟವರಿಗೆ, ಯಾವುದು ಏನು ಅಂತ ಹೇಳದೆ ಒಂದು ತಿಂಗಳು ಸ್ಟ್ಯಾಟಿನ್, ಇನ್ನೊಂದು ತಿಂಗಳು ಖಾಲಿ ಮಾತ್ರೆ ಕೊಟ್ಟು ನೋಡಿದರು. 2020ರ ಆ ಅಧ್ಯಯನದಲ್ಲಿ ತೊಂದರೆಯ ಸುಮಾರು 90% ಖಾಲಿ ಮಾತ್ರೆಯಲ್ಲೂ ಕಾಣಿಸಿತು. ಅವರ ನೋವು ಸುಳ್ಳಲ್ಲ, ದಯವಿಟ್ಟು ಯಾರೂ ಹಾಗೆ ಹೇಳಬೇಡಿ.

ಉತ್ತರ 3: ಆದರೆ ಮಿತಿ ಇದೆ. ಖಾಲಿ ಇನ್‌ಹೇಲರ್ ಎಳೆದ ಆಸ್ತಮಾ ರೋಗಿಗಳು ಹಾಯೆನಿಸಿತು ಅಂದರು, ಶ್ವಾಸಕೋಶದ ಅಳತೆ ಚೆನ್ನಾಗಿ ಸುಧಾರಿಸಿದ್ದು ಮಾತ್ರ ನಿಜವಾದ ಔಷಧಿಯಿಂದಲೇ. ಹಾಗಾಗಿ ಔಷಧಿ ನಿಲ್ಲಿಸಬೇಡಿ.